ಫ್ರಿಜ್ಜಿನ ಬೆನ್ನಿನ ಬಿಸಿ

ನಮ್ಮ ಮನೆಯ ಫ್ರಿಜ್ಜು ಇರುವುದು ಅಡುಗೆಮನೆಯಲ್ಲಲ್ಲ, ನಡುಮನೆಯಲ್ಲಿ, ಅಟ್ಟ ಹತ್ತುವ ಏಣಿಯ ಪಕ್ಕದಲ್ಲಿ. ತಂದ ದಿನ ಅದು ಅಡುಗೆಮನೆಯ ಬಾಗಿಲಲ್ಲಿ ತೂರಲಿಲ್ಲ. ಬಾಗಿಲ ಚೌಕಟ್ಟು ಕೀಳುವುದೋ, ಫ್ರಿಜ್ಜನ್ನೇ ವಾಪಸ್ ಕಳಿಸುವುದೋ ಎಂದು ಗಂಡಸರು ಸೊಂಟದ ಮೇಲೆ ಕೈ ಇಟ್ಟುಕೊಂಡು ಚರ್ಚೆ ಮಾಡುತ್ತಿದ್ದಾಗ ನಾನು, "ಇಲ್ಲೇ ಇಡ್ರೀ, ಬಂದೋರ ಕಣ್ಣಿಗೂ ಬೀಳ್ಲಿ" ಎಂದೆ. ಅಂದಿನಿಂದ ಅಲ್ಲೇ ನಿಂತಿದೆ. ಒಂದೇ ಬಾಗಿಲಿನದು, ಕುಂಕುಮದ ಬಣ್ಣದ್ದು, ಬೆನ್ನಿನ ಮೇಲೆ ಕಪ್ಪು ತಂತಿಗಳ ಜಾಲರಿ ಇರುವ ಹಳೆ ಕಾಲದ್ದು. ಈಗಿನ ಫ್ರಿಜ್ಜುಗಳಿಗೆ ಬೆನ್ನು ನುಣ್ಣಗಿರುತ್ತದಂತೆ. ನಮ್ಮದರ ಪಕ್ಕೆಲುಬನ್ನು ಎಣಿಸಬಹುದು.

ಅದರ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ತಿಪಟೂರು ಕಡೆ ಕಾಯಿಯನ್ನು ಕೆಡವಿದ ಕೂಡಲೇ ಮಾರಲು ಓಡುವುದಿಲ್ಲ. ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಅಲುಗಾಡುವವರೆಗೆ ಕಾಯುತ್ತೇವೆ. ಹೀಗಾಗಿ ನಮ್ಮ ಮನೆಗೆ ಸದಾ ಕೊಬ್ಬರಿಯ ವಾಸನೆ. ಹೊರಗಿನಿಂದ ಬಂದವರು ಮೂಗರಳಿಸುತ್ತಾರೆ. ನಮಗೆ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ ನಾವು ಮೂವರು: ನಾನು, ಯಜಮಾನರು, ನಮ್ಮತ್ತೆ. ತೋಟ, ಹಸು, ಹೊರಗಿನ ವ್ಯವಹಾರ ಯಜಮಾನರದು. ದೇವರು, ನೆಂಟರು, ಚಟ್ನಿಪುಡಿ ಅತ್ತೆಯದು. ಕರೆಂಟಿನಿಂದ ನಡೆಯುವುದೆಲ್ಲ ನನ್ನದು. ಫ್ಯೂಸು ಹೋದರೆ ಕಟ್ಟುವವಳು ನಾನು, ಮಿಕ್ಸಿ ಸುಟ್ಟ ವಾಸನೆ ಬಂದರೆ ಬಿಚ್ಚುವವಳು ನಾನು. ನನಗೆ ಮನುಷ್ಯರ ಜೊತೆ ಜಗಳ ಜಾಸ್ತಿ, ಯಂತ್ರಗಳ ಜೊತೆ ಸಲಿಗೆ ಜಾಸ್ತಿ. ಯಂತ್ರ ಕೆಟ್ಟರೆ ಕೆಟ್ಟಿದ್ದೇನೆ ಎನ್ನುತ್ತದೆ. ಮನುಷ್ಯರು ಕೆಟ್ಟರೆ ನೀನೇ ಕೆಟ್ಟಿದ್ದೀಯ ಎನ್ನುತ್ತಾರೆ.

ಫ್ರಿಜ್ಜನ್ನು ನಾನು ಸಾಕಿದ ರೀತಿಗೆ ಅದು ಇಷ್ಟು ವರ್ಷ ಬಾಳಿತು ಎಂದು ನನ್ನ ನಂಬಿಕೆ. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಮಂಜು ಬೆರಳಿನಷ್ಟು ದಪ್ಪವಾಗುವ ಮೊದಲೇ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಕರಗುವವರೆಗೆ ತಾಳ್ಮೆಯಿಂದ ಕೂರುತ್ತೇನೆ. ನಮ್ಮ ನಾದಿನಿ ಒಮ್ಮೆ ಅವಸರಕ್ಕೆ ಚಾಕು ಹಾಕಿ ಕೆರೆಯಲು ಹೋಗಿದ್ದಳು, ಅವಳ ಕೈ ಹಿಡಿದು ಎಳೆದಿದ್ದೆ. ಒಳಗೆ ನೀರು ಇಳಿಯುವ ಸಣ್ಣ ತೂತು ಕಟ್ಟಿಕೊಂಡರೆ ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ ತಿರುವುತ್ತೇನೆ, ಅದಕ್ಕಿಂತ ಒಳ್ಳೆಯ ಸಾಧನ ಯಾವ ಅಂಗಡಿಯಲ್ಲೂ ಸಿಗದು. ಬಾಗಿಲಿನ ರಬ್ಬರು ಸಡಿಲವಾಯಿತೇ ಎಂದು ನೋಡಲು ಹಳೆ ಕ್ಯಾಲೆಂಡರಿನ ಹಾಳೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯುತ್ತೇನೆ. ಹಾಳೆ ಸಲೀಸಾಗಿ ಬಂದರೆ ತಂಪೂ ಅಷ್ಟೇ ಸಲೀಸಾಗಿ ಹೊರಗೆ ಹೋಗುತ್ತಿದೆ ಎಂದರ್ಥ. ಹಿಂದಿನ ಜಾಲರಿಗೆ ಅಟ್ಟದಿಂದ ತೆಂಗಿನ ನಾರಿನ ಧೂಳು ಉದುರುತ್ತದೆ. ಅದನ್ನು ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ ಒರೆಸುತ್ತೇನೆ.

ಅತ್ತೆ ಇದಕ್ಕೆ ಇಟ್ಟ ಹೆಸರು ತಂಗಳು ಪೆಟ್ಟಿಗೆ. "ನಿನ್ನೆ ಸಾರ್ನ ಇವತ್ತು ತಿನ್ನೋಕೆ ಇಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತೇನವ್ವ?" ಎಂದು ತಂದ ದಿನವೇ ಕೇಳಿದ್ದರು. ಅದರಲ್ಲಿಟ್ಟದ್ದನ್ನು ತಾವು ಮುಟ್ಟುವುದಿಲ್ಲ ಎಂದು ಘೋಷಿಸಿದ್ದರು. ಬೇಸಿಗೆಯಲ್ಲಿ ನಾನು ಅದರೊಳಗಿಂದಲೇ ತೆಗೆದ ಮಜ್ಜಿಗೆಯನ್ನು ಮಣ್ಣಿನ ಮಡಕೆಗೆ ಬಗ್ಗಿಸಿ ಕೊಟ್ಟರೆ, "ಮಡಕೆ ಮಜ್ಜಿಗೆ ತಂಪೇ ತಂಪು" ಎಂದು ಕುಡಿಯುತ್ತಿದ್ದರು. ನಾನೂ ಹೂಂ ಎನ್ನುತ್ತಿದ್ದೆ.

ಆ ಫ್ರಿಜ್ಜು ನನಗೆ ಸೊಪ್ಪು ತರಕಾರಿಗಿಂತ ಹೆಚ್ಚಾಗಿ ಔಷಧಿಗೆ ಬೇಕು. ನನಗೆ ಸಕ್ಕರೆ ಕಾಯಿಲೆ. ಮಾತ್ರೆಗೆ ಬಗ್ಗದೆ ಈಗ ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ನನ್ನದು ತೆಳು ಮಜ್ಜಿಗೆಯ ಹಾಗೆ ಬೆಳ್ಳಗಿರುವ ಔಷಧಿ. ಸೀಸೆಯನ್ನು ಎರಡೂ ಅಂಗೈ ನಡುವೆ ಮೆಲ್ಲಗೆ ಉರುಳಿಸಿ ಸೂಜಿಗೆ ಎಳೆದುಕೊಳ್ಳಬೇಕು. ಸೀಸೆಗಳನ್ನು ಫ್ರಿಜ್ಜಿನ ಬಾಗಿಲಿನ ಸಣ್ಣ ಗೂಡಿನಲ್ಲಿ ಇಟ್ಟಿರುತ್ತಿದ್ದೆ.

ಹೋದ ವರ್ಷ ಆಷಾಢದಲ್ಲಿ ಮಳೆ ಹಿಡಿದುಕೊಂಡಿತು. ನಮ್ಮ ಕಡೆ ಜಡಿಮಳೆ ಎಂದರೆ ನೆಂಟರಂತೆ ಅಪರೂಪ, ಬಂದರೆ ಸಂತೋಷ. ಬೋರನಕಣಿವೆ ಜಲಾಶಯಕ್ಕೆ ನೀರು ಬರುತ್ತಿದೆ ಎಂದು ಯಜಮಾನರು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಓಡಾಡುತ್ತಿದ್ದರು. ಆ ತಂಪಿನಲ್ಲೇ ನಮ್ಮ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟ ಹಾಲು ಒಡೆಯಲು ಶುರುವಾಯಿತು. ನಾನು ಕ್ಯಾಲೆಂಡರಿನ ಹಾಳೆ ಸಿಕ್ಕಿಸಿ ನೋಡಿದೆ, ರಬ್ಬರು ಬಿಗಿಯಾಗಿತ್ತು. ಕಾಲಿನ ಮಟ್ಟ ನೋಡಿದೆ, ಸರಿಯಾಗಿತ್ತು. ಮಂಜು ಕರಗಿಸಿದೆ. ಮೋಟರು ಮಾತ್ರ ಒಂದೇ ಸಮನೆ ಓಡುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಓಡುವುದು ಯಾವಾಗ ನಿಲ್ಲುತ್ತಿತ್ತೆಂದರೆ ಬೆಳಿಗ್ಗೆ ತ್ರೀ ಫೇಸ್ ಕರೆಂಟು ಬಂದಾಗ. ಆಗ ಸುತ್ತಲ ತೋಟಗಳ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ವೋಲ್ಟೇಜು ಬೀಳುತ್ತದೆ, ಸ್ಟೆಬಿಲೈಜರು ಕೆಂಪು ಕಣ್ಣು ಬಿಟ್ಟು ಫ್ರಿಜ್ಜನ್ನು ಗಂಟೆಗಟ್ಟಲೆ ನಿಲ್ಲಿಸಿಬಿಡುತ್ತದೆ. ಕರೆಂಟಿನದೇ ತೊಂದರೆ ಎಂದು ನಾನು ತೀರ್ಮಾನ ಮಾಡಿ ಸುಮ್ಮನಾದೆ.

ಯಜಮಾನರು ಸುಮ್ಮನಾಗಲಿಲ್ಲ. ಒಂದು ದಿನ ನಾನು ಹಸುವಿನ ಹತ್ತಿರ ಇದ್ದಾಗ ಫ್ರಿಜ್ಜಿನೊಳಗಿನ ತಿರುಗಿಸುವ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿದರು. ನನ್ನ ಔಷಧಿಯ ಸೀಸೆಗಳನ್ನು ಬಾಗಿಲಿನಿಂದ ತೆಗೆದು ಐಸ್ ಪೆಟ್ಟಿಗೆಯ ನೇರ ಕೆಳಗಿನ ತಟ್ಟೆಗೆ ಸರಿಸಿದರು. "ಹಾಲು ಕೆಟ್ರೆ ಕೆಡ್ಲಿ ಬುಡು, ನಿನ್ನ ಔಷ್ದಿ ಕೆಡಬಾರ್ದು. ಅಲ್ಲೇ ತಂಪು ಜಾಸ್ತಿ" ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಗಂಡ ಬಾಯಿಬಿಟ್ಟು ಪ್ರೀತಿ ಹೇಳಿದ್ದು ಕಡಿಮೆ. ಅದಕ್ಕೆ ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು.

ಶ್ರಾವಣ ಬಂತು. ವರಮಹಾಲಕ್ಷ್ಮಿಗೆ ನಾನೇ ಒಬ್ಬಟ್ಟು ಮಾಡಿದೆ, ಮಾಡಿ ಬಡಿಸಿದೆ, ನಾನು ತಿನ್ನಲಿಲ್ಲ. ಹಬ್ಬ ಕಳೆದ ಮೇಲೆ ತಿಪಟೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಆಕಾಶಕ್ಕೇರಿತ್ತು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, "ಹಬ್ಬ ಜೋರಾಯ್ತಾ ತಾಯಿ?" ಎಂದರು. "ನಾನು ತಿಂದಿಲ್ಲ ಸಾರ್" ಎಂದೆ. ಅವರು ನಕ್ಕರು. ಔಷಧಿ ಎಲ್ಲಿ ಇಡುತ್ತೀರಿ ಎಂದು ಅಲ್ಲಿನ ನರ್ಸ್ ಕೇಳಿದಳು, ಫ್ರಿಜ್ಜಲ್ಲಿ ಎಂದೆ, ಸರಿ ಎಂದಳು. ಅಲ್ಲಿಗೆ ಫ್ರಿಜ್ಜು ಬಚಾವಾಯಿತು, ನಾನು ಸಿಕ್ಕಿಕೊಂಡೆ.

ಯಜಮಾನರು ಬೈಕಿನ ಮೇಲೆ ಊರಿಗೆ ಕರೆತಂದರು. ಮನೆಗೆ ಬಂದು ಹೆಲ್ಮೆಟ್ ತೆಗೆಯುತ್ತ, "ಎಷ್ಟು ತಿಂದೆ, ನಿಜ ಹೇಳ್ಬುಡೇ, ಬೈಯಲ್ಲ" ಎಂದರು.

"ಒಂದು ಚೂರೂ ತಿಂದಿಲ್ಲ."

"ಹಂಗಾದ್ರೆ ಸಕ್ಕರೆ ಗಾಳೀಲಿ ಬಂತಾ?"

ನನಗೆ ಬೆಂಕಿ ಹತ್ತಿದ ಹಾಗಾಯಿತು. ನಾನು ಸಿಡುಕಿ, ಬಾಯಿಬಡುಕಿ ಎಂದು ಯಾರಾದರೂ ಹೇಳಲಿ, ಒಪ್ಪುತ್ತೇನೆ. ಆದರೆ ಸುಳ್ಳಿ ಎಂದು ನನ್ನನ್ನು ಹಂದನಕೆರೆಯ ತವರಲ್ಲೂ ಯಾರೂ ಅಂದಿರಲಿಲ್ಲ, ಇಲ್ಲಿಯೂ ಅಂದಿರಲಿಲ್ಲ. ಆಗಲೇ ಒಳಗಿನಿಂದ ಅತ್ತೆ ಬಂದರು. "ಏನ್ಲಾ ಅದು ಮಾತು? ಅವ್ಳು ತಿಂದಿಲ್ಲ ಅಂದ್ರೆ ತಿಂದಿಲ್ಲ. ನಾನು ಮನೇಲೇ ಇರ್ತೀನಿ, ನಂಗೆ ಗೊತ್ತಿಲ್ವಾ? ನನ್ನ ಸೊಸೆ ಸುಳ್ಳು ಹೇಳೋಳಲ್ಲ" ಎಂದು ಮಗನ ಮುಂದೆ ನಿಂತರು. ಅಮ್ಮನ ಎದುರು ಅವರ ಬಾಯಿ ಕಟ್ಟಿತು. ನನಗೆ ಅತ್ತೆಯ ಕಾಲು ಹಿಡಿಯಬೇಕು ಎನ್ನಿಸಿತು, ಅಷ್ಟು ಧೈರ್ಯ ಬಂತು.

ಬಾಯಿ ಕಟ್ಟಿದರೂ ಅನುಮಾನ ಕಟ್ಟಲಿಲ್ಲ. ಬೆಲ್ಲದ ಡಬ್ಬ ಅಡುಗೆಮನೆಯಿಂದ ಮಾಯವಾಯಿತು. ಪಂಪ್ ಮನೆಯಲ್ಲಿ ಬಚ್ಚಿಟ್ಟಿದ್ದರು. ಅಲ್ಲಿ ಇರುವೆಗಳು ಅದಕ್ಕೆ ಹಬ್ಬ ಮಾಡಿದವು. ದಂಡಿನಶಿವರದ ಗಂಡನ ಮನೆಯಿಂದ ನಾದಿನಿ ಫೋನು ಮಾಡಿ, "ಅತ್ತಿಗೆ, ಆಸೆ ಎಲ್ರಿಗೂ ಇರ್ತದೆ ಕಣ್ರೀ, ಆದ್ರೆ ನಿಮ್ಮ ಕಾಲು ನೋಡ್ಕೋಬೇಕಲ್ವಾ" ಎಂದಳು. ನಾನು ಫೋನು ಇಟ್ಟು, ಹುಣಸೆಹಣ್ಣು ಬಡಿಯಬೇಕಾದ ಕಲ್ಲಿನಿಂದ ಬೆಳ್ಳುಳ್ಳಿ ಬಡಿದೆ, ಸಿಪ್ಪೆ ಸೂರಿಗೆ ಹಾರಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ತಿನ್ನದ ಒಬ್ಬಟ್ಟಿಗೆ ಹೋಗಿತ್ತು.

ಆರೋಗ್ಯವೂ ಹೋಗುತ್ತಿತ್ತು, ಅದು ಬೇರೆ ಮಾತು. ಬಾಯಾರಿಕೆ, ಸುಸ್ತು, ಕಣ್ಣು ಮಂಜು. ಎರಡನೇ ಸಲ ಹೋದಾಗ ಸಕ್ಕರೆ ಇನ್ನೂ ಏರಿತ್ತು. ಡಾಕ್ಟರು ಈ ಸಲ ನಗಲಿಲ್ಲ. ಔಷಧಿಯ ಪ್ರಮಾಣ ಹೆಚ್ಚಿಸಿ, "ಇದಕ್ಕೂ ಇಳೀಲಿಲ್ಲ ಅಂದ್ರೆ ತುಮಕೂರಲ್ಲಿ ಅಡ್ಮಿಟ್ ಆಗ್ಬೇಕಾಗ್ತದೆ. ಬರೋ ಸೋಮವಾರ ಖಾಲಿ ಹೊಟ್ಟೇಲಿ ಬನ್ನಿ, ಔಷ್ದಿ ಸೀಸೇನೂ ತನ್ನಿ" ಎಂದರು. ನನಗೆ ಭಯವಾದದ್ದು ತುಮಕೂರಿನದಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದರೆ ನೋಡಲು ಬಂದ ನೆಂಟರೆಲ್ಲ ಕಿತ್ತಳೆ ಹಣ್ಣು ಕೊಟ್ಟು, ಬಾಗಿಲು ದಾಟಿದ ಮೇಲೆ, ತಿನ್ನೋ ಚಪಲ ನೋಡು ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡು ನಾನು ಬದುಕಬೇಕಿತ್ತು. ನನ್ನ ಮಾತು ನಿಜ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೆ, ನಂಬಿದ್ದವರು ಅತ್ತೆ ಒಬ್ಬರು.

ಆ ಸೋಮವಾರ ಬೆಳಕು ಹರಿಯುವಾಗ ಯಜಮಾನರು, ತ್ರೀ ಫೇಸ್ ಬರುವುದರೊಳಗೆ ತೋಟದಲ್ಲಿರಬೇಕೆಂದು ಹೊರಟರು. ಮಳೆ ಬಂದರೂ ಮೋಟರು ಹಾಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಅತ್ತೆ ಶ್ರಾವಣ ಸೋಮವಾರವೆಂದು ಕಾಯಿ ಹಿಡಿದು ಈಶ್ವರನ ಗುಡಿಗೆ ಹೋದರು. ನಾನು ಮೊದಲ ಬಸ್ಸಿಗೆ ಹೊರಡಲು ಸೀರೆ ಉಟ್ಟು, ಚೀಲಕ್ಕೆ ಔಷಧಿ ಹಾಕಿಕೊಳ್ಳಲು ಫ್ರಿಜ್ಜು ತೆರೆದೆ. ಅಷ್ಟು ಬೇಗ ನಾನು ಯಾವತ್ತೂ ಔಷಧಿ ತೆಗೆದವಳಲ್ಲ. ಡೇರಿಗೆ ಹಾಲು ಹಾಕಿ, ತಿಂಡಿ ಮಾಡಿ, ಬಿಸಿಲು ಏರಿದ ಮೇಲೆ ಚುಚ್ಚಿಕೊಳ್ಳುತ್ತಿದ್ದೆ.

ಸೀಸೆ ಕೈಗೆ ಕಲ್ಲಿನ ಹಾಗೆ ಸಿಕ್ಕಿತು. ತಲೆಕೆಳಗು ಮಾಡಿದರೆ ಒಳಗಿನದು ಕದಲಲಿಲ್ಲ. ಪಕ್ಕದ ಹೊಸ ಸೀಸೆಯನ್ನು ಪೆಟ್ಟಿಗೆಯಿಂದ ತೆಗೆದೆ, ಅದೂ ಹಾಗೆಯೇ. ಅಂಗೈಯಲ್ಲಿ ಹಿಡಿದು ಕರಗಿಸಿ ಬೆಳಕಿಗೆ ನೋಡಿದೆ. ಮಜ್ಜಿಗೆಯಂತೆ ಇರಬೇಕಾದದ್ದು ಒಡೆದ ಹಾಲಾಗಿತ್ತು, ಗಾಜಿಗೆ ಬಿಳಿ ಹರಳು ಅಂಟಿಕೊಂಡಿದ್ದವು, ಎಷ್ಟು ಉರುಳಿಸಿದರೂ ಬೆರೆಯಲಿಲ್ಲ. ಔಷಧಿಯ ಪೆಟ್ಟಿಗೆಯ ಮೇಲೆ ಹೆಪ್ಪುಗಟ್ಟಿಸಬೇಡಿ ಎಂದು ಬರೆದಿರುವುದು ನನಗೆ ಗೊತ್ತಿತ್ತು. ರಾತ್ರಿ ವೋಲ್ಟೇಜು ಚೆನ್ನಾಗಿದ್ದಾಗ ಅದು ಐಸ್ ಪೆಟ್ಟಿಗೆಯ ಕೆಳಗೆ ಹೆಪ್ಪುಗಟ್ಟುತ್ತಿತ್ತು. ಬೆಳಿಗ್ಗೆ ಮೋಟರುಗಳೆದ್ದು ಫ್ರಿಜ್ಜು ನಿಂತಾಗ, ನಾನು ತೆಗೆಯುವುದರೊಳಗೆ ಕರಗುತ್ತಿತ್ತು, ಸಂಜೆಗೂ ನೀರಾಗಿಯೇ ಇರುತ್ತಿತ್ತು. ಮಂಜಾದ ಕಣ್ಣಿಗೆ ಆ ಹರಳು ಕಂಡಿರಲಿಲ್ಲ. ಇಷ್ಟು ದಿನ ನಾನು ಚುಚ್ಚಿಕೊಂಡದ್ದು ಸತ್ತ ಔಷಧಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಫ್ರಿಜ್ಜಿಗೆ ಬಂದ ಜ್ವರಕ್ಕೆ ನನಗೆ ಬರೆ ಬಿದ್ದಿತ್ತು. ನಾನು ನಡುಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ.

ಬಸ್ಸು ಹೋದರೆ ಹೋಗಲಿ ಎಂದು ಸೀರೆ ಎತ್ತಿ ಕಟ್ಟಿದೆ. ಮೇಲೆ ಹೆಪ್ಪುಗಟ್ಟಿಸುವ ಫ್ರಿಜ್ಜು ಕೆಳಗೆ ಹಾಲು ಏಕೆ ಒಡೆಸುತ್ತದೆ? ತಿಪಟೂರಿನ ರಿಪೇರಿಯವನಿಗೆ ಫೋನು ಮಾಡಿದೆ. ಅವನು ಇನ್ನೂ ಹಲ್ಲುಜ್ಜುತ್ತಿದ್ದ. "ಅಕ್ಕ, ಮಾಡೆಲ್ ಯಾವುದು ಹೇಳಿ. ಒಂದೊಂದಕ್ಕೆ ಒಂದೊಂದು ಗ್ಯಾಸು, ಒಂದೊಂದು ಸಾಮಾನು. ಹಿಂದ್ಗಡೆ ಸ್ಟಿಕ್ಕರ್ ಮೇಲೆ ಇರ್ತದೆ, ಓದಿ ಹೇಳಿದ್ರೆ ಅದೇ ತಗಂಡ್ ಬತ್ತೀನಿ" ಎಂದ.

ಕರೆಂಟು ತೆಗೆದು, ಗಾಲಿಯ ಸ್ಟ್ಯಾಂಡು ಹಿಡಿದು ಎಳೆದೆ. ಅದು ಮುಂದಕ್ಕೆ ಬಂದಂತೆ ಹಿಂದಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಸ್ಟಿಕ್ಕರು ಕಾಣಲಿಲ್ಲ. ಕಂಡದ್ದು ಗೋಣಿಚೀಲ. ಜಾಲರಿಯ ಅಗಲಕ್ಕೆ ಸರಿಯಾಗಿ ಮಡಿಸಿ, ಮೇಲಿನ ಎರಡು ತುದಿಗೆ ಬಾಳೆ ನಾರಿನಲ್ಲಿ ಕಟ್ಟಿ, ಕಂಬಳಿ ಹೊದಿಸಿದ ಹಾಗೆ ಇಳಿಬಿಟ್ಟಿದ್ದರು. ಎತ್ತಿ ನೋಡಿದರೆ ಜಾಲರಿಯ ತುಂಬ ಕಾಯಿ ಹೋಳುಗಳು. ಸಾಲಾಗಿ, ಬಿಳಿ ಮುಖ ತಂತಿಯ ಕಡೆ ಮಾಡಿ, ಒಂದರ ಮೇಲೊಂದು ಸಿಕ್ಕಿಸಿದ್ದವು. ಕೆಳಗಿನವು ಆಗಲೇ ಚಿಪ್ಪು ಬಿಟ್ಟು ಒಣಗಿ ಸೊಗಸಾದ ಕೊಬ್ಬರಿ ಗಿಟುಕು ಆಗಿದ್ದವು. ಮೇಲಿನವು ನಿನ್ನೆ ಮೊನ್ನೆಯವು ಇರಬೇಕು, ಇನ್ನೂ ಹಸಿ.

ಯಾರ ಕೆಲಸ ಎಂದು ಯೋಚಿಸಬೇಕಾಗಿರಲಿಲ್ಲ. ಆಷಾಢ ಹಿಡಿದು ಶ್ರಾವಣ ಮುಗಿಯುವವರೆಗೆ ನಮ್ಮಲ್ಲಿ ಕಾಯಿ ಒಡೆಯದ ದಿನವಿಲ್ಲ. ದೇವರ ಮುಂದೆ ಒಡೆದ ಹೋಳನ್ನು ಅಷ್ಟೂ ಅಡುಗೆಗೆ ಹಾಕಿ ಮುಗಿಸಲಾಗದು. ಉಳಿದದ್ದನ್ನು ಒಣಗಿಸಿ ಗಿಟುಕು ಮಾಡಿ ಚಟ್ನಿಪುಡಿಗೆ ಇಡುವುದು. ಒಂದು ಹೋಳು ಬೂಸಲು ಬಂದು ಬಿಸಾಡಿದರೂ ಅತ್ತೆಗೆ ಅಂದು ಊಟ ಇಳಿಯುವುದಿಲ್ಲ, ಕಾಯಿ ಕೆಡಿಸಿದರೆ ಮರ ಮುನಿಸಿಕೊಳ್ಳುತ್ತದೆ ಎನ್ನುತ್ತಾರೆ. ಮೊದಲು ಮಳೆಗಾಲಕ್ಕೆ ಸೌದೆ ಒಲೆಯ ಮೇಲಿನ ನೆಲುವು ಇತ್ತು, ಬಚ್ಚಲ ಹಂಡೆಯ ಪಕ್ಕದ ಬಿಸಿಗೋಡೆ ಇತ್ತು. ಗ್ಯಾಸ್ ಬಂದು ಒಲೆ ಹೋಯಿತು, ಸೋಲಾರ್ ಬಂದು ಹಂಡೆ ಹೋಯಿತು. ಬಿಸಿಲಿಲ್ಲದ ಆ ಮಳೆಯಲ್ಲಿ, ಇಡೀ ಮನೆಯಲ್ಲಿ ಒಲೆಯಂತೆ ಬೆಚ್ಚಗಿರುವ ಒಂದೇ ಒಂದು ಜಾಗವನ್ನು ಅತ್ತೆ ಹುಡುಕಿಕೊಂಡಿದ್ದರು. ಏಣಿಯ ಕಡೆಯ ಸಂದಿಯಿಂದ ಕೈ ತೂರಿಸಿ, ಬಿಸಿ ಸುಮ್ಮನೆ ಪೋಲಾಗದಿರಲಿ ಎಂದು ಗೋಣಿ ಬೇರೆ ಹೊದಿಸಿದ್ದರು. ಫ್ರಿಜ್ಜು ಒಳಗಿನ ಬಿಸಿಯನ್ನು ಬೆನ್ನಿನಿಂದಲೇ ಹೊರಗೆ ಬಿಡಬೇಕು. ಬೆನ್ನಿಗೆ ಕಂಬಳಿ ಹೊದಿಸಿದರೆ ಅದು ಹಗಲೂ ರಾತ್ರಿ ಓಡಿ ಓಡಿ ಏದುಸಿರು ಬಿಡುತ್ತದೆ, ಒಳಗೆ ತಂಪು ಸಾಲುವುದಿಲ್ಲ. ಸಾಲದ್ದಕ್ಕೆ ಯಜಮಾನರು ಗುಂಡಿ ಪೂರ್ತಿ ತಿರುಗಿಸಿದರು, ಐಸ್ ಪೆಟ್ಟಿಗೆಯ ಪಕ್ಕ ಮಾತ್ರ ಮಂಜಾಯಿತು. ಆ ಮಳೆಯಲ್ಲೂ ಡಬ್ಬದಲ್ಲಿ ಹೊಸ ಗಿಟುಕು ಹೇಗೆ ಬಂತು ಎಂದು ನಾನು ಕೇಳಿರಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಫ್ರಿಜ್ಜಿನ ಹಿಂದೆ ಕೊಬ್ಬರಿ ಒಣಗಿಸಿದರೆ ವಾಸನೆಗೆ ಸಿಕ್ಕಿಬೀಳುತ್ತಿದ್ದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ನನ್ನ ಮಾನ ವಾಪಸು ಪಡೆಯುವ ದಾರಿ ಕಣ್ಣೆದುರಿಗೇ ಇತ್ತು, ಆದರೆ ಅದು ನನ್ನ ಪರ ನಿಂತ ಒಬ್ಬರೇ ಒಬ್ಬರ ತಲೆಯ ಮೇಲೆ ಹಾಯ್ದು ಹೋಗುತ್ತಿತ್ತು. ಮಗ ಕೂಗಾಡುತ್ತಾರೆ, ದಂಡಿನಶಿವರಕ್ಕೆ ಫೋನು ಹೋಗುತ್ತದೆ, ಅವ್ವಂಗೆ ವಯಸ್ಸಾಯಿತು ಎಂದು ನಾದಿನಿ ರಾಗ ಎಳೆಯುತ್ತಾಳೆ. ನನಗೆ ಅದು ಬೇಡವಾಗಿತ್ತು. ಹೋಳುಗಳನ್ನು ಒಂದೊಂದೇ ಬಿಡಿಸಿ ಮೊರಕ್ಕೆ ಹಾಕಿ, ಮೊರವನ್ನು ನನ್ನ ಮಂಚದ ಕೆಳಗೆ ತಳ್ಳಿದೆ. ಜಾಲರಿಗೆ ಮೆತ್ತಿದ್ದ ನಾರಿನ ಧೂಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒರೆಸಿದೆ. ಸ್ಟಿಕ್ಕರು ಸಿಕ್ಕಿತು, ಅಕ್ಷರ ಅಳಿಸಿಹೋಗಿತ್ತು. ಫ್ರಿಜ್ಜನ್ನು ಗೋಡೆಯಿಂದ ಗೇಣು ದೂರ ನಿಲ್ಲಿಸಿ, ಗುಂಡಿಯನ್ನು ನಡುವಿನ ಅಂಕಿಗೆ ತಂದು, ರಿಪೇರಿಯವನಿಗೆ ಬರುವುದು ಬೇಡ ಎಂದೆ.

ಯಜಮಾನರು ತಿಂಡಿಗೆ ಬಂದಾಗ ಎರಡೂ ಸೀಸೆಗಳನ್ನು ಅವರ ಮುಂದಿಟ್ಟೆ. ನಡೆದದ್ದನ್ನು ಹೇಳಿದೆ. ಅವರು ಸೀಸೆಯನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲಿ ಇಟ್ಟೋನು ನಾನೇ ಅಲ್ವಾ?" ಎಂದರು.

"ನೀವೇ."

"ಗುಂಡಿ ತಿರುಗಿಸ್ದೋನೂ ನಾನೇ."

"ಹೌದು. ಪ್ರೀತಿಯಿಂದ ಮಾಡಿದ್ರಿ, ಅದಕ್ಕೆ ಒಂದು ಮಾಫಿ" ಎಂದೆ. ಅವರು ಮುಖ ಎತ್ತಲಿಲ್ಲ. "ಇಷ್ಟು ದಿನ ನಿನ್ನ ಸುಳ್ಳಿ ಮಾಡ್ಬುಟ್ಟೆ ಕಣೇ" ಎಂದರು. ಅಷ್ಟು ದಿನದಿಂದ ಈ ಮಾತಿಗೆ ಏನೇನು ಉತ್ತರ ಕೊಡಬೇಕೆಂದು ಬೆಳ್ಳುಳ್ಳಿ ಬಡಿಯುತ್ತ ನಾನು ಸಿದ್ಧಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ರೊಟ್ಟಿ ಆರುತ್ತದೆ, ತಿನ್ನಿ ಎಂದೆ.

"ಅದ್ಸರಿ, ಫ್ರಿಜ್ಜು ಕೆಟ್ಟಿದ್ದು ಯಾಕೆ?"

"ಅಟ್ಟದ ಧೂಳು. ಹಿಂದೆಲ್ಲ ಕಟ್ಕಂಡಿತ್ತು, ಒರೆಸ್ದೆ" ಎಂದೆ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಅಷ್ಟರಲ್ಲಿ ಅತ್ತೆ ಗುಡಿಯಿಂದ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಆಗ ತಾನೇ ಒಡೆಸಿದ ಹೋಳು. ನೇರ ಏಣಿಯ ಹತ್ತಿರ ಹೋಗಿ ಸಂದಿಯಲ್ಲಿ ಕೈ ತೂರಿಸಿದರು. ಕೈ ಗಾಳಿಯಲ್ಲಿ ಆಡಿತು. ಬಗ್ಗಿ ನೋಡಿದರು.

"ಅಯ್ಯೋ, ನನ್ನ ಹೋಳು ಯಾರವ್ವ ತೆಗ್ದಿದ್ದು? ಒಳ್ಳೆ ಬಿಸಿ ಹಿಡ್ದಿದ್ವು!"

ಯಜಮಾನರು ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಇನ್ನು ಮುಚ್ಚುವುದು ಹೇಗೆ? ಮಂಚದ ಕೆಳಗಿನಿಂದ ಮೊರ ಎಳೆದು ತಂದೆ. ಅತ್ತೆಗೆ ಜಾಲರಿಯ ಬಿಸಿ, ಒಳಗಿನ ತಂಪು, ಸೀಸೆಯ ಮಂಜು, ಎಲ್ಲವನ್ನೂ ಆದಷ್ಟು ಮೆಲ್ಲಗೆ ಹೇಳಿದೆ. ಅವರಿಗೆ ಅರ್ಥವಾಗುತ್ತ ಹೋದಂತೆ ಹೋಳು ಹಿಡಿದ ಕೈ ಕೆಳಗಿಳಿಯಿತು. ಏಣಿಯ ಮೆಟ್ಟಿಲ ಮೇಲೆ ಕೂತರು.

"ಹಂಗಾದ್ರೆ ನನ್ನಿಂದ ಆಯ್ತಾ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಯಜಮಾನರೇ, "ನಿನ್ನಿಂದ ಅಲ್ಲ ಕಣವ್ವ, ಔಷ್ದಿ ಮೇಲೆ ಇಟ್ಟೋನು ನಾನು" ಎಂದರು. "ನೀನು ಸುಮ್ನಿರ್ಲಾ, ನಿಂದು ಬೇರೆ ಐತೆ" ಎಂದು ಅತ್ತೆ ಗದರಿದರು. ಯಾರ ತಪ್ಪು ದೊಡ್ಡದು ಎಂದು ತಾಯಿ ಮಗ ಜಗಳಕ್ಕೆ ಬಿದ್ದರು. ಆ ಜಗಳ ಕೇಳುತ್ತ ನಾನು ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ನೆಮ್ಮದಿಯಾಗಿ ಒಂದು ರೊಟ್ಟಿ ತಿಂದೆ. ಡಾಕ್ಟರ ಹತ್ತಿರ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂಬ ನೆನಪೂ ಆಗಲಿಲ್ಲ.

ಮಧ್ಯಾಹ್ನವೇ ತಿಪಟೂರಿಗೆ ಹೋದೆವು. ಡಾಕ್ಟರು ಹೊಸ ಔಷಧಿ ಬರೆದು, ಪ್ರಮಾಣ ಹಳೆಯದಕ್ಕೇ ಇಳಿಸಿದರು. "ಒಳ್ಳೆ ಔಷ್ದೀನ ಆ ಪ್ರಮಾಣ ಹಾಕ್ಕಂಡಿದ್ರೆ ಸಕ್ಕರೆ ಕುಸಿದು ಬಿದ್ದು ಹೋಗ್ತಿದ್ರಿ" ಎಂದು ಎಚ್ಚರಿಸಿದರು. ಕೆಲವು ದಿನಗಳಲ್ಲಿ ಸಕ್ಕರೆ ತನ್ನ ಜಾಗಕ್ಕೆ ಬಂತು, ಕಣ್ಣಿನ ಮಂಜು ಹೋಯಿತು. ಯಜಮಾನರು ದಂಡಿನಶಿವರಕ್ಕೆ ತಾವೇ ಫೋನು ಮಾಡಿ, ನಾನು ಪಕ್ಕದಲ್ಲಿ ನಿಂತು ಕೇಳುವ ಹಾಗೆ, ಎಲ್ಲವನ್ನೂ ಹೇಳಿದರು. ನಾದಿನಿ, "ನಂಗೆ ಅವತ್ತೇ ಅನ್ನಿಸ್ತು ಕಣಣ್ಣ" ಎಂದಳಂತೆ. ಇರಲಿ. ಫ್ರಿಜ್ಜು ಈಗ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಅದು ನಿಲ್ಲುವ ಸದ್ದು ಕೇಳಿದರೆ ನನಗೆ ಖುಷಿ.

ಮಹಾನವಮಿಯ ಹೊತ್ತಿಗೆ ಬಿಸಿಲು ಬಂತು. ಒಂದು ಮಧ್ಯಾಹ್ನ ನಾನೂ ಅತ್ತೆಯೂ ಜಗುಲಿಯಲ್ಲಿ ಕೂತು ಚಟ್ನಿಪುಡಿಗೆ ಗಿಟುಕು ತುರಿಯುತ್ತಿದ್ದೆವು. ಯಜಮಾನರು ತೋಟದಲ್ಲಿದ್ದರು. ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡೋಣ ಎನ್ನಿಸಿತು.

"ಅತ್ತೆ, ಡಾಕ್ಟರು ನಂಬ್ಲಿಲ್ಲ, ಇವ್ರು ನಂಬ್ಲಿಲ್ಲ. ನಾನು ತಿಂದಿಲ್ಲ ಅನ್ನೋದನ್ನ ನೀವೊಬ್ರೇ ನಂಬಿದ್ರಿ. ಅದನ್ನ ನಾನು ಸಾಯೋವರ್ಗೂ ಮರೆಯಲ್ಲ."

ಅತ್ತೆ ತುರಿಯುವುದನ್ನು ನಿಲ್ಲಿಸಲಿಲ್ಲ. "ನಂಬಿದ್ದೆ ಅಂತ ಯಾರು ಹೇಳಿದ್ರು ನಿಂಗೆ?" ಎಂದರು.

ನಾನು ಕೈ ನಿಲ್ಲಿಸಿದೆ.

"ತಿಂದಿದ್ದಾಳೆ ಅಂತ್ಲೇ ಅಂದ್ಕಂಡಿದ್ದೆ ಕಣವ್ವ. ಅಷ್ಟೊಂದು ಒಬ್ಬಟ್ಟು ಬೇಯಿಸಿ ಒಂದೂ ಬಾಯಿಗೆ ಹಾಕ್ಕಳ್ದೆ ಇರೋಕೆ ನೀನೇನು ಸನ್ಯಾಸಿನಾ? ತಿಂದಿರ್ತಾಳೆ ಪಾಪ, ಅಂದ್ಕಂಡೆ. ಅದಕ್ಕೇನಂತೆ? ನನ್ನ ಸೊಸೆ ಒಂದು ಒಬ್ಬಟ್ಟು ತಿಂದ್ಲು ಅಂತ ಗಂಡಸ್ರ ಮುಂದೆ ನಾನು ಬುಟ್ಕೊಡ್ತೀನಾ?"

ಮೊದಲು ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಒಬ್ಬರಾದರೂ ನನ್ನ ಮಾತನ್ನು ನಂಬಿದ್ದಾರೆ ಎಂದು ಅದೊಂದನ್ನೇ ಹಿಡಿದುಕೊಂಡು ಆ ತಿಂಗಳು ಕಳೆದಿದ್ದೆ. ಆಮೇಲೆ, ನಾನು ನಿಜ ಹೇಳುತ್ತಿದ್ದರೂ ಸರಿ, ಸುಳ್ಳು ಹೇಳುತ್ತಿದ್ದರೂ ಸರಿ, ಈ ಮುದುಕಿ ನನ್ನ ಮುಂದೆ ಹೀಗೆಯೇ ಬಂದು ನಿಲ್ಲುತ್ತಿದ್ದರು ಎನ್ನುವುದು ನಿಧಾನವಾಗಿ ಒಳಗಿಳಿಯಿತು. ತುರಿಮಣೆ ಸರಿಸಿ, ಅವರ ಕೊಬ್ಬರಿ ಮೆತ್ತಿದ ಕೈ ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬರುತ್ತಿತ್ತು.

"ಬುಡೇ, ತುರಿ ಚೆಲ್ತದೆ" ಎಂದರು ಅತ್ತೆ. ಕೈ ಬಿಡಿಸಿಕೊಳ್ಳಲಿಲ್ಲ.